ಏಳನೇ ಹಾಳೆ

ಏಳನೇ ಹಾಳೆ ಮೊದಲ ಸಲ ಕಾಣೆಯಾದಾಗ ನಾನು ಬೈದದ್ದು ಝೆರಾಕ್ಸ್ ಅಂಗಡಿಯವನನ್ನು. ಪುಣೆಯ ಶಿವಾಜಿನಗರದ ಕೋರ್ಟಿನ ಎದುರು ಅವನ ಅಂಗಡಿ. ವಕೀಲರ ಕಾಗದಗಳ ರಾಶಿಯಲ್ಲಿ ನನ್ನದನ್ನೂ ಸೇರಿಸಿಬಿಟ್ಟಿದ್ದೀಯ ಎಂದು ಮರಾಠಿಯಲ್ಲಿ ಜಗಳ ತೆಗೆದೆ. ಪಾಪ, ಅವನು ಎದುರಾಡದೆ ಇನ್ನೊಂದು ಪ್ರತಿ ತೆಗೆದುಕೊಟ್ಟ. ಮುಂದಿನ ವಾರ ಮತ್ತೊಂದು ಲಕೋಟೆಯಿಂದ ಅದೇ ಏಳನೇ ಹಾಳೆ ಹೋಯಿತು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಪುಣೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಒಂಬತ್ತನೇ ತರಗತಿಗೆ ಇತಿಹಾಸ ಕಲಿಸುತ್ತಿದ್ದೆ. ಮಕ್ಕಳು ನನ್ನನ್ನು 'ಬಾಯಿ' ಎನ್ನುತ್ತಿದ್ದರು. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು ಕರೆಯುವ ರೀತಿ ಅದು, ನಮ್ಮಲ್ಲೂ ಬಂದು ಕೂತಿತ್ತು. ಅಸ್ಪೃಶ್ಯತೆಯ ಬಗ್ಗೆ ಪಠ್ಯದಲ್ಲಿ ಇದ್ದದ್ದು ಒಂದೇ ಪ್ಯಾರಾ: ಹಿಂದೆ ಇತ್ತು, ಈಗ ಕಾನೂನು ಬಂದಿದೆ, ಅಷ್ಟೇ. ಮಕ್ಕಳು ಅದನ್ನು ಎರಡು ಮಾರ್ಕಿಗಾಗಿ ಬಾಯಿಪಾಠ ಮಾಡಿ, ಎರಡು ಮಾರ್ಕು ತೆಗೆದುಕೊಂಡು ಮರೆತುಬಿಡುತ್ತಿದ್ದರು. "ಹಿಂದ ಅಂದ್ರ ಯಾವಾಗ?" ಎಂದು ಒಮ್ಮೆ ಕೇಳಿದೆ. "ಪೇಶ್ವೆರ ಕಾಲದಾಗ್ರಿ ಬಾಯಿ" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಬಹಳ ಹೊತ್ತು ಬೇಕಾಗುವುದಿಲ್ಲ.

ಪುಸ್ತಕ ಬದಿಗಿಟ್ಟು ನಿಜವಾದ ಕಾಗದಗಳನ್ನೇ ಮಕ್ಕಳ ಕೈಗೆ ಕೊಡಬೇಕು ಎಂದು ಹಟ ಹಿಡಿದೆ. ಎಂಟು ಗುಂಪು, ಎಂಟು ಖಾಕಿ ಲಕೋಟೆ, ಪ್ರತಿಯೊಂದರಲ್ಲೂ ಹನ್ನೆರಡು ಹಾಳೆ. ಮನೆ ಬಾಡಿಗೆಗಿದೆ ಎಂಬ ಜಾಹೀರಾತಿನ ಕೆಳಗೆ ಯಾರು ಬರಕೂಡದೆಂದು ಬರೆದದ್ದು, ವರ ಬೇಕಾಗಿದ್ದಾನೆ ಎಂಬ ಕಾಲಮ್ಮು, ಒಂದು ಬಾವಿಯ ಫೋಟೋ, ಹೀಗೆ. ಮಕ್ಕಳು ಪ್ರತಿ ಹಾಳೆಯನ್ನೂ ಸಾಕ್ಷಿಯನ್ನು ವಿಚಾರಿಸಿದಂತೆ ವಿಚಾರಿಸಬೇಕು. ಬರೆದವರು ಯಾರು, ಯಾರಿಗಾಗಿ ಬರೆದರು, ಏನು ಬಿಟ್ಟರು? "ಕಾಗದಾನ ನಂಬಬ್ಯಾಡ್ರಿ, ಸಂಶಯ ಪಡ್ರಿ" ಎಂದು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ.

ಏಳನೇ ಹಾಳೆ ನನ್ನ ಹೆಮ್ಮೆಯ ಹಾಳೆ. ನಮ್ಮ ಶಾಲೆಯ ಅಟ್ಟದಲ್ಲಿ ಹಳೆಯ ಶಿಕ್ಷೆಯ ವಹಿ ಒಂದು ಸಿಕ್ಕಿತ್ತು. ಯಾವ ಹುಡುಗ ಏನು ತಪ್ಪು ಮಾಡಿದ, ಎಷ್ಟು ಛಡಿ ಏಟು ಬಿದ್ದವು ಎಂದು ಮಾಸ್ತರರು ಅದರಲ್ಲಿ ಬರೆದಿಡುತ್ತಿದ್ದರು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದ ಮೇಲಿನ ವಹಿ ಅದು. ಒಂದು ಪುಟದಲ್ಲಿ ಹೀಗಿತ್ತು: "ನೀರಿನ ಗಡಿಗೆ ಮುಟ್ಟಿದ. ಐದು ಛಡಿ. ಬಾಗಿಲ ಹೊರಗೆ ಕೂಡ್ರಿಸಿದೆ." ಪೇಶ್ವೆಯರ ಕಾಲವಲ್ಲ, ಇದೇ ಕಟ್ಟಡ, ಇದೇ ಬಾಗಿಲು! ಹುಡುಗನ ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಝೆರಾಕ್ಸ್ ತೆಗೆಸಿದೆ. ಹೆಸರಿದ್ದ ಜಾಗ ಖಾಲಿಯಾಗಿ ಬಂತು. ಹೆಸರು ಮುಚ್ಚುವಷ್ಟು ಸೂಕ್ಷ್ಮ ನನಗಿದೆ ಎಂದು ಬೀಗಿದೆ.

ಅದರ ಕೆಳಗೆ ನಾಲ್ಕು ಪ್ರಶ್ನೆಗಳನ್ನು ಬರೆದೆ. ನಾಲ್ಕನೆಯದು: "ಈ ವಿದ್ಯಾರ್ಥಿ ಯಾರಿರಬಹುದು? ಯಾವ ದಾಖಲೆಯಿಂದ ಪತ್ತೆ ಹಚ್ಚಬಹುದು?" ಮಕ್ಕಳ ತಲೆ ಓಡಲಿ ಎಂದು ಬರೆದ ಪ್ರಶ್ನೆ. ನಾನು ಬರೆದವುಗಳಲ್ಲೆಲ್ಲ ಇದೇ ಜಾಣ ಪ್ರಶ್ನೆ ಎಂದು ಆಗ ಅನಿಸಿತ್ತು.

ಇನ್ನೊಂದು ಕಾಗದವೂ ಸಿಕ್ಕಿತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಟ್ರಂಕಿನಲ್ಲಿ, ಅಜ್ಜನ ಕೈಬರಹದಲ್ಲಿ, ನನ್ನದೇ ತೊಟ್ಟಿಲ ಕಾರ್ಯಕ್ರಮದ ಊಟದ ಪಂಕ್ತಿಗಳ ಯಾದಿ. ಯಾರು ಮೊದಲು ಕೂಡಬೇಕು, ಯಾರು ಆಮೇಲೆ, ಯಾರಿಗೆ ಎಲ್ಲಿ. ಓದಿದೆ, ಮಡಚಿದೆ, ವಾಪಸು ಟ್ರಂಕಿನಲ್ಲಿಟ್ಟೆ. ಮನೆಯದೆಲ್ಲ ಶಾಲೆಗೇಕೆ ಎಂದುಕೊಂಡೆ.

ಹಾಳೆ ಎರಡನೇ ಸಲ ಹೋದಾಗಲೇ ನನ್ನೊಳಗಿನ ಪತ್ತೇದಾರ ಎದ್ದು ಕೂತ. ಉಳಿದ ಹನ್ನೊಂದು ಹಾಳೆ ಇದ್ದಲ್ಲೇ ಇವೆ, ಏಳನೆಯದೊಂದೇ ಹೋಗುತ್ತದೆ ಎಂದರೆ ಅದು ಮರೆವಲ್ಲ. ಶಾಲೆಯ ಮಾನ ಮುಚ್ಚುವವರ ಕೈಕೆಲಸ. ನನ್ನ ಮೊದಲ ಸಂಶಯ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಮೇಲೆ. ಕರಾವಳಿಯ ಕಡೆಯವರು, ಪುಣೆಯ ಡೆಕ್ಕನ್ ಬಡಾವಣೆಯಲ್ಲಿ ಎರಡು ಹೋಟೆಲು. ಲಕೋಟೆಗಳ ಸುದ್ದಿ ಕೇಳಿ ನನ್ನನ್ನು ಕರೆಸಿದ್ದರು.

"ಎಂತಕ್ಕೆ ಟೀಚರ್ರೇ ಇದೆಲ್ಲ? ಹಳೇ ಹುಣ್ಣು ಕೆರೆಯೋದು ಯಾಕೆ ಮಾರಾಯ್ರೇ? ಮಕ್ಕಳು ಪಾಸಾದ್ರೆ ಆಯ್ತಲ್ಲ."

"ಹುಣ್ಣು ಮಾಗೇದ ಅಂತ ಯಾರ್ ಹೇಳಿದ್ರು ನಿಮಗ?" ಎಂದೆ.

ಅವರು ನಕ್ಕು ಕಾಫಿ ತರಿಸಿದರು. ಆ ನಗುವೂ ನನಗೆ ಸಾಕ್ಷಿಯಾಗಿಯೇ ಕಂಡಿತು.

ಎರಡನೇ ಸಂಶಯ ಹಿರಿಯ ಇತಿಹಾಸ ಸರ್ ಮೇಲೆ. ನಿವೃತ್ತಿಗೆ ಎರಡು ವರ್ಷ ಉಳಿದವರು, ಗೈಡಿನಿಂದ ಟಿಪ್ಪಣಿ ಬರೆಸುವವರು. ನನ್ನ ಲಕೋಟೆ ನೋಡಿ "ಭಾಳ ಹುಮ್ಮಸ್ಸ ಅದ ನೋಡ್ರಿ ನಿಮ್ಮದು" ಎಂದಿದ್ದರು. ಲಕೋಟೆಗಳನ್ನಿಡುತ್ತಿದ್ದ ಸ್ಟಾಫ್ ರೂಮಿನ ಕಪಾಟಿನ ಇನ್ನೊಂದು ಕೀಲಿ ಇದ್ದದ್ದು ಅವರ ಹತ್ತಿರ. ಮೂರನೆಯವರು ಆಫೀಸಿನ ಗುಮಾಸ್ತರು. ಅಟ್ಟದಿಂದ ವಹಿ ಇಳಿಸಿಕೊಡುವಾಗ ಎರಡು ಸಲ "ಖರೇನೇ ಬೇಕೇನ್ರಿ ಬಾಯಿ ಇದು?" ಎಂದು ಕೇಳಿದ್ದರು.

ಎಲ್ಲಿ ಸಿಕ್ಕರೂ ಗುರುತಾಗಲಿ ಎಂದು ಪ್ರತಿ ಏಳನೇ ಹಾಳೆಯ ಹಿಂದೆ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಟ್ಟೆ. ಕಪಾಟಿಗೆ ಹೊಸ ಬೀಗ ತಂದೆ; ಅದರ ಇನ್ನೊಂದು ಕೀಲಿಯೂ ಪದ್ಧತಿಯಂತೆ ಹಿರಿಯ ಸರ್ ಹತ್ತಿರವೇ ಹೋಯಿತು. ಲಕೋಟೆ ಹಂಚಿ ವಾಪಸು ತೆಗೆದುಕೊಳ್ಳುವ ಕೆಲಸಕ್ಕೆ ತರಗತಿಯ ಮಾನಿಟರ್ ಹುಡುಗಿಯನ್ನು ಇಟ್ಟೆ. ಅಂಥ ಹುಡುಗಿ ಶಾಲೆಗೇ ಒಬ್ಬಳು. ಕಡಿಮೆ ಮಾತು, ಗುಂಡನೆಯ ಅಕ್ಷರ, ಲೆಕ್ಕದಲ್ಲಿ ತಪ್ಪುವವಳಲ್ಲ. ಅವಳ ತಂದೆ ದಿನಾ ಲೋಕಲ್ ರೈಲಿನಲ್ಲಿ ತಳೇಗಾಂವದ ಕಾರ್ಖಾನೆಗೆ ಹೋಗುತ್ತಿದ್ದರು. ಅವಳನ್ನು ಬದಿಗೆ ಕರೆದು, "ಕಣ್ಣಿಟ್ಟು ನೋಡವಾ. ಯಾರ ಮ್ಯಾಲ ಸಂಶಯ ಬಂದ್ರೂ ನನಗ ಹೇಳು" ಎಂದೆ.

ಅವಳು ನೆಲ ನೋಡುತ್ತ "ಹೂನ್ರಿ ಬಾಯಿ" ಎಂದಳು.

ಮುಂದಿನ ಹದಿನೈದು ದಿನಗಳಲ್ಲಿ ಒಂದೊಂದಾಗಿ ಎಂಟೂ ಹಾಳೆಗಳು ಹೋದವು. ನಾನು ಮತ್ತೆ ಝೆರಾಕ್ಸ್ ತೆಗೆಸಿದೆ, ಅವೂ ಹೋಗತೊಡಗಿದವು. ಇತ್ತ ತರಗತಿಯಲ್ಲಿ ನಾಲ್ಕನೇ ಪ್ರಶ್ನೆಯ ಹುಚ್ಚು ಏರಿತ್ತು. ಮಧ್ಯಂತರದಲ್ಲಿ ಮೂರು ಹುಡುಗರು ಆಫೀಸಿಗೆ ಹೋಗಿ ಹಳೆಯ ರಜಿಸ್ಟರು ತೋರಿಸಿ ಎಂದು ದುಂಬಾಲು ಬಿದ್ದರಂತೆ. ಗುಮಾಸ್ತರು ಗದರಿಸಿ ಓಡಿಸಿದರಂತೆ. "ಅವ ಯಾರ ಅಂತ ನಾವು ಹಿಡಿದೇ ಹಿಡೀತೀವ್ರಿ ಬಾಯಿ" ಎಂದು ಆ ಗುಂಪಿನವನೊಬ್ಬ ನನಗೆ ಹೇಳಿದ. ಕಳ್ಳನನ್ನು ಹಿಡಿಯುವ ಉತ್ಸಾಹದಲ್ಲಿದ್ದ. ಅವನ ಬೆನ್ನು ತಟ್ಟಿದೆ. ಈಗ ನೆನೆದರೆ ಕೈ ಸುಡುತ್ತದೆ.

ಆ ಶುಕ್ರವಾರ ಕಪಾಟು ತೆರೆದರೆ ಹೊಸ ಬೀಗ ಹಾಗೇ ಇದೆ, ಒಳಗೆ ಇನ್ನೆರಡು ಹಾಳೆ ಇಲ್ಲ. ನನ್ನ ತಾಳ್ಮೆ ಮುಗಿಯಿತು. ಸ್ಟಾಫ್ ರೂಮಿನಲ್ಲಿ ಆರು ಜನರ ಎದುರಿಗೆ ಹಿರಿಯ ಸರ್ ಮುಂದೆ ಹೋಗಿ ನಿಂತೆ.

"ಸರ್, ನೇರ ಕೇಳ್ತೀನಿ. ಆ ಹಾಳಿ ನೀವು ತಗೀತೀರೇನು?"

ಅವರು ಚಹಾದ ಕಪ್ಪು ಕೆಳಗಿಟ್ಟರು. ತಮ್ಮ ಚೀಲ ತೆಗೆದು ಮೇಜಿನ ಮೇಲೆ ಬೋರಲು ಸುರಿದರು. ಊಟದ ಡಬ್ಬಿ, ಚಾಕ್ ಪೀಸಿನ ತುಂಡುಗಳು, ಬಿ.ಪಿ. ಗುಳಿಗೆ, ರೈಲ್ವೆ ಪಾಸು, ಮಡಚಿದ ಪೇಪರು.

"ನೋಡ್ರಿ" ಎಂದರು. "ಮತ್ತೇನರ ಬಿಚ್ಚಬೇಕೇನು?"

ನಾನು ಒಂದೊಂದೇ ಸಾಮಾನು ಎತ್ತಿ ಅವರ ಚೀಲಕ್ಕೆ ಹಾಕಲು ಹೋದೆ. ಅವರು ನನ್ನ ಕೈ ಸರಿಸಿದರು. ಆಮೇಲೆ ಎರಡು ಸಲ ಕ್ಷಮೆ ಕೇಳಿದೆ, ಎರಡೂ ಸಲ "ಆತು ಬಿಡ್ರಿ" ಎಂದರು. ನಿವೃತ್ತರಾಗುವವರೆಗೂ ನನ್ನ ಜೊತೆ ಚಹಾ ಕುಡಿಯಲಿಲ್ಲ.

ಸೋಮವಾರದಿಂದ ಮಾನಿಟರ್ ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಬುಧವಾರ ಮೂರನೇ ಪಿರಿಯಡ್ ಮುಗಿದ ಮೇಲೆ ಗುಮಾಸ್ತರು ವರಾಂಡದಲ್ಲಿ ಕಾಯುತ್ತಿದ್ದರು.

"ಬಾಯಿ, ಆಕಿ ಅಪ್ಪ ಬಂದಾನ. ಮಗಳ ದಾಖಲಾ ಬೇಕಂತ. ಮರಾಠಿ ಶಾಲಿಗೆ ಹಾಕ್ತಾನಂತ." ದಾಖಲಾ ಎಂದರೆ ಶಾಲೆ ಬಿಟ್ಟ ಪ್ರಮಾಣಪತ್ರ, ಅದು ಕೈಗೆ ಹೋದರೆ ಹುಡುಗಿ ಹೋದ ಹಾಗೆಯೇ.

"ವರ್ಷದ ನಡುವ? ಯಾಕಂತ?"

ಗುಮಾಸ್ತರು ದನಿ ತಗ್ಗಿಸಿದರು. "ನೀವು ಹೆಸರು ಮುಚ್ಚಿದ್ರಿ. ನಂಬರ್ ಮುಚ್ಚಿಲ್ಲಲ್ರಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಶಾಲೆಗೆ ಸೇರಿದ ಪ್ರತಿ ಮಗುವಿಗೂ ರಜಿಸ್ಟರಿನಲ್ಲಿ ಒಂದು ನಂಬರು. ಶಿಕ್ಷೆಯ ವಹಿಯಲ್ಲಿ ಹೆಸರಿನ ಪಕ್ಕ ಅದೇ ನಂಬರು: ಮುನ್ನೂರ ಹನ್ನೆರಡು. ಶಾಲೆ ಬಿಡುವಾಗ ಕೊಡುವ ದಾಖಲಾ ಪತ್ರದ ಮೇಲೂ ಅದೇ ನಂಬರು. ಜಾತಿ ಪ್ರಮಾಣಪತ್ರಕ್ಕೆ, ಸ್ಕಾಲರ್‌ಶಿಪ್ಪಿಗೆ ತಂದೆಯ ದಾಖಲಾ ಜೋಡಿಸಲೇಬೇಕು. ಆ ಹುಡುಗಿ ಆಗಸ್ಟಿನಲ್ಲಿ ತನ್ನ ಫಾರ್ಮನ್ನು ತನ್ನ ಕೈಯಿಂದಲೇ ತುಂಬಿದ್ದಳು. ತಂದೆಯ ಶಾಲೆ, ನಮ್ಮದೇ. ತಂದೆಯ ನಂಬರು, ಮುನ್ನೂರ ಹನ್ನೆರಡು.

ಯಾವ ದಾಖಲೆಯಿಂದ ಪತ್ತೆ ಹಚ್ಚಬಹುದು ಎಂದು ಕೇಳಿದವಳು ನಾನು. ಮೂವತ್ತೆಂಟು ಮಕ್ಕಳನ್ನು ಆ ಹುಡುಗಿಯ ಅಪ್ಪನ ಬೆನ್ನು ಹತ್ತಿಸಿ, ಅವಳನ್ನೇ ಕಾವಲಿಗೆ ನಿಲ್ಲಿಸಿದ್ದೆ. ಎಲ್ಲರ ಮೇಲೆ ಸಂಶಯಪಟ್ಟ ನಾನು ನನ್ನ ಪ್ರಶ್ನೆಯ ಮೇಲೆ ಮಾತ್ರ ಪಟ್ಟಿರಲಿಲ್ಲ.

ಅವರು ಆಫೀಸಿನ ಬೆಂಚಿನ ಮೇಲೆ ಕೂತಿದ್ದರು. ಐವತ್ತರ ಹತ್ತಿರದ ವಯಸ್ಸು, ಕಾರ್ಖಾನೆಯ ನೀಲಿ ಅಂಗಿ. ನನ್ನನ್ನು ನೋಡಿ ಎದ್ದು ನಿಂತು, ಒಂದು ಪ್ಲಾಸ್ಟಿಕ್ ಚೀಲ ಮುಂದೆ ಚಾಚಿದರು.

"ಮಗಳು ಶಾಲಿ ಹಾಳಿ ಕದ್ದಾಳ್ರಿ ಬಾಯಿ. ಹಾಸಿಗಿ ಕೆಳಗ ಇಟ್ಟಿದ್ಲು. ಎಲ್ಲಾ ಅದಾವ, ಎಣಿಸಿ ತಗೋರಿ."

ಹಂಚಿದ ಲಕೋಟೆ ವಾಪಸು ತೆಗೆದುಕೊಳ್ಳುವಾಗಲೇ ಹಾಳೆ ತೆಗೆದಿದ್ದಳು, ಕಪಾಟಿನ ಬೀಗ ಏನು ಮಾಡೀತು? ನಾನು ಚೀಲ ಮುಟ್ಟಲಿಲ್ಲ. "ತಪ್ಪು ಆಕೀದಲ್ಲ. ನಂದು" ಎಂದೆ. ಇನ್ನೂ ಏನೇನೋ ಹೇಳಿದೆ. ಒಳ್ಳೆಯ ಉದ್ದೇಶ, ಮಕ್ಕಳಿಗೆ ತಿಳಿಯಲಿ ಎಂದು, ಹೆಸರು ಮುಚ್ಚಿದ್ದೆ, ಹೀಗೆ. ಅವರು ಪೂರ್ತಿ ಕೇಳಿಸಿಕೊಂಡರು.

"ನನಗ ನಾಚಿಕಿ ಇಲ್ರಿ" ಎಂದರು. "ನೀರಡಿಸಿತ್ತು, ಕುಡದೆ. ಅದರಾಗೇನ್ ನಾಚಿಕಿ? ಆದ್ರ ಆಕಿಗೆ ನಾ ಹೇಳಿದ್ದಿಲ್ಲ. ದೊಡ್ಡಾಕಿ ಆಗ್ಲಿ, ಒಂದಿನ ನಾನೇ ಕುಂಡ್ರಿಸ್ಕೊಂಡು ಹೇಳೋಣು ಅಂತಿದ್ದೆ. ನಾ ಹೇಳೂಕಿಂತ ಮೊದಲ ನಿಮ್ಮ ಝೆರಾಕ್ಸ್ ಹೇಳ್ತು."

ಅವರು ಚೀಲದಿಂದ ಒಂದು ಹಾಳೆ ಎಳೆದು ನೋಡಿದರು.

"ಮತ್ತ ಇದರಾಗ ಐದು ಅಂತ ಬರದದ. ಐದಲ್ರಿ, ಏಳು. ನಾ ಎಣಿಸೀನಿ. ಬರಕೋವಾಗ ಎರಡು ಬಿಟ್ಟಾರ."

ಕಾಗದವನ್ನು ನಂಬಬೇಡಿ ಎಂದು ಬೋರ್ಡಿನ ಮೇಲೆ ಬರೆದವಳು ನಾನು. ಆ ಐದನ್ನು ನಾನೂ ನಂಬಿಬಿಟ್ಟಿದ್ದೆ.

"ಶನಿವಾರ ಒಂದು ಪಿರಿಯಡ್ ಆಕೀನ್ನ ಕಳಸ್ರಿ" ಎಂದು ಬೇಡಿಕೊಂಡೆ. "ಒಂದೇ. ಆಮೇಲೂ ಬ್ಯಾಡ ಅನಿಸಿದ್ರ ನಾನೇ ದಾಖಲಾ ಮನೀಗೆ ತಂದು ಕೊಡ್ತೀನಿ."

ಅವರು ಹಾಳೆಯನ್ನು ಒಳಗೆ ಹಾಕಿ ಚೀಲವನ್ನು ಬೆಂಚಿನ ಮೇಲಿಟ್ಟರು. ಗುಮಾಸ್ತರು ಫೈಲಿನಿಂದ ತಲೆ ಎತ್ತದೆ, "ಹೆಡ್‌ಮಾಸ್ತರ್ ಸಹಿ ಆಗಬೇಕಲ್ರಿ. ಸೋಮವಾರಕ್ಕಿಂತ ಮೊದಲ ಆಗೂದಿಲ್ಲ" ಎಂದರು. ಹೆಡ್‌ಮಾಸ್ತರರು ಪಕ್ಕದ ಕೋಣೆಯಲ್ಲೇ ಕೂತಿದ್ದರು. ಜನರನ್ನು ಓಡಾಡಿಸುವ ಗುಮಾಸ್ತರ ಚಟಕ್ಕೆ ಅಂದು ಒಂದೇ ದಿನ ಕೈ ಮುಗಿದೆ.

ಏಳನೇ ಹಾಳೆಯನ್ನು ಸುಮ್ಮನೆ ತೆಗೆದುಹಾಕಿದರೆ ಹುಡುಗರ ಸಂಶಯ ಹೆಚ್ಚಾಗುತ್ತದೆ. ನಂಬರು ಮುಚ್ಚಿ ಮತ್ತೆ ಹಂಚಿದರೂ ಅಷ್ಟೇ. ಎರಡು ದಿನ ತಲೆ ಕೆಡಿಸಿಕೊಂಡು ಹನ್ನೆರಡು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ನೋಡಿದೆ. ಹೊಡೆಸಿಕೊಂಡವನು, ಹೊರಗೆ ನಿಂತವನು, ಮನೆ ಸಿಗದವನು, ನೀರು ಸಿಗದವನು. ಎಲ್ಲ ಅವರ ಕಾಗದಗಳೇ. ಎಲೆ ಹಾಕಿಸಿಕೊಂಡು ಕೂತವರ ಕಾಗದ ಒಂದೂ ಇರಲಿಲ್ಲ. ಇದ್ದ ಒಂದನ್ನು ನಾನೇ ಮಡಚಿ ಟ್ರಂಕಿನಲ್ಲಿಟ್ಟಿದ್ದೆ.

ಶುಕ್ರವಾರ ಸಂಜೆ ಟ್ರಂಕು ತೆರೆದೆ. ಅವ್ವ ಅಡುಗೆಮನೆಯಿಂದ ಬಂದು ನನ್ನ ಕೈಯಲ್ಲಿದ್ದ ಯಾದಿ ನೋಡಿ ನಿಂತಳು.

"ಅದನ್ನೇನ್ ಮಾಡ್ತೀ?"

"ಮಕ್ಕಳಿಗೆ ಹಂಚ್ತೀನಿ."

"ಹುಚ್ಚು ಹಿಡದದೇನ ನಿನಗ? ಮಾವನೋರು ದೇವರಂಥಾವ್ರು. ಊರ ಮಂದಿ ಮುಂದ ಅವರ ಮಾನ ತಗೀತೀ?"

"ಆ ಹುಡುಗಿ ಅಪ್ಪನ ಮಾನ ಹಂಚಿದ್ನಲ್ಲವಾ. ಆವಾಗ ಯಾರೂ ಕೇಳಲಿಲ್ಲ." ಆಮೇಲೆ ಯಾದಿಯ ಕೊನೆಯ ಸಾಲು ತೋರಿಸಿದೆ. "ಹಿತ್ತಲ ಬಾಗಿಲದಾಗ ಇಬ್ಬರು ಅಂತ ಅದ. ಯಾರು ಅವರು?"

"ಗಂಡಾ ಹೆಂಡ್ತಿ. ಸಂಡಾಸ ತೊಳೀಲಿಕ್ಕೆ ಬರ್ತಿದ್ರು. ಹದಿನಾರು ವರ್ಷ ಬಂದ್ರು."

"ಹೆಸರೇನು?"

ಅವ್ವ ಬಾಯಿ ತೆರೆದಳು, ಮುಚ್ಚಿದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಆಮೇಲೆ ನನ್ನನ್ನು ತಡೆಯಲಿಲ್ಲ.

ಶನಿವಾರ ಹುಡುಗಿ ಬಂದಳು. ಮೊದಲ ಬೆಂಚು ಬಿಟ್ಟು ಕೊನೆಯ ಬೆಂಚಿನಲ್ಲಿ ಕೂತಳು. ನಾನು ತರಗತಿಗೆ ನೇರವಾಗಿ ಹೇಳಿದೆ: "ಹಳೇ ಏಳನೇ ಹಾಳಿ ವಾಪಸ್ ತಗೊಂಡೀನಿ. ತಪ್ಪು ನಂದು. ಏಟು ತಿಂದವರನ್ನ ಹುಡುಕ್ರಿ ಅಂತ ಕೇಳಿದ್ದು ಕೆಟ್ಟ ಪ್ರಶ್ನೆ. ಹುಡುಕೂದು ಇವತ್ತಿಗೆ ಬಂದ್. ಹೊಸ ಹಾಳಿ ನೋಡ್ರಿ. ಇದು ನಮ್ಮ ಮನೀದು, ನನ್ನ ತೊಟ್ಟಲ ಊಟದ್ದು. ಯಾವ ಹೆಸರೂ ಮುಚ್ಚಿಲ್ಲ."

ಲಕೋಟೆಗಳು ಬಿಚ್ಚಿಕೊಂಡವು. ಮೊದಲ ಪಂಕ್ತಿಯಲ್ಲಿ ನಮ್ಮ ಸೋದರಮಾವಂದಿರು, ಬೀಗರು, ಅಜ್ಜನ ಆಫೀಸಿನ ದೊಡ್ಡವರು, ಎಲ್ಲರ ಪೂರ್ತಿ ಹೆಸರು. ಎರಡನೇ ಪಂಕ್ತಿ ಹೆಂಗಸರು, ಮಕ್ಕಳು. ಅಂಗಳದಲ್ಲಿ ಹಾಲಿನವನು, ಬಡಿಗ. ಕೊನೆಗೆ: "ಹಿತ್ತಲ ಬಾಗಿಲು, ಇಬ್ಬರು. ಎಲೆ ಹಾಕಬಾರದು. ಕಾಗದದಲ್ಲಿ ಕಟ್ಟಿ ಮೇಲಿಂದ ಹಾಕುವುದು."

ಓದುತ್ತ ಓದುತ್ತ ಮಕ್ಕಳು ನನ್ನ ಮುಖ ನೋಡತೊಡಗಿದರು. ಅವರ 'ಬಾಯಿ' ಹುಟ್ಟಿದ ಸಂಭ್ರಮಕ್ಕೆ ಮಾಡಿದ ಊಟ ಅದು. ನಾನು ಅವರ ಎದುರಿಗೇ ನಿಂತಿದ್ದೆ. ನಾಲ್ಕನೇ ಪ್ರಶ್ನೆಯನ್ನು ಒಂದೇ ಶಬ್ದ ಬದಲಿಸಿ ಉಳಿಸಿದ್ದೆ: "ಈ ಇಬ್ಬರು ಯಾರಿರಬಹುದು? ಯಾವ ದಾಖಲೆಯಿಂದ ಪತ್ತೆ ಹಚ್ಚಬಹುದು?"

ಕೊನೆಯ ಬೆಂಚಿನಿಂದ ಕೈ ಮೇಲೆದ್ದಿತು.

"ಬಾಯಿ, ಇವರಿಬ್ಬರ ಹೆಸರು ನೀವು ಮುಚ್ಚೀರೇನ್ರಿ?"

"ಇಲ್ಲವಾ. ನಮ್ಮ ಅಜ್ಜ ಬರದೇ ಇಲ್ಲ."

"ನಿಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲೇನ್ರಿ?"

"ಹದಿನಾರು ವರ್ಷ ಬಂದಾರ. ಯಾರಿಗೂ ಗೊತ್ತಿಲ್ಲ."

ರಜಿಸ್ಟರು ಹುಡುಕಲು ಹೋಗಿದ್ದ ಮೂವರಲ್ಲಿ ಒಬ್ಬ ಹಾಳೆ ಮಗುಚಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದ. ಹಿಂದೆ ಏನೂ ಇರಲಿಲ್ಲ. ಬೆಲ್ಲು ಹೊಡೆಯಿತು. ಉತ್ತರ ಸೋಮವಾರ ಬರೆದು ತನ್ನಿ ಎಂದೆ.

ಹುಡುಗಿ ಎದ್ದು, ಯಾರೂ ಹೇಳದೆಯೇ, ಎಂಟೂ ಲಕೋಟೆಗಳನ್ನು ಒಟ್ಟುಮಾಡಿ ನನ್ನ ಮೇಜಿನ ಮೇಲೆ ತಂದಿಟ್ಟಳು. "ಹನ್ನೆರಡು ಹನ್ನೆರಡು ಬರೋಬ್ಬರಿ ಅದಾವ್ರಿ. ಎಣಿಸಿ ನೋಡ್ರಿ."

"ನೀ ಎಣಿಸೀಯಲ್ಲ" ಎಂದೆ. ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದೆ. ಹೊಸ ಬೀಗ ಹಾಕಲಿಲ್ಲ.

ಸೋಮವಾರ ಸಹಿಯಾದ ದಾಖಲಾ ಗುಮಾಸ್ತರ ಟ್ರೇಯಲ್ಲಿ ಸಂಜೆಯವರೆಗೆ ಬಿದ್ದಿತ್ತು, ಒಯ್ಯಲು ಯಾರೂ ಬರಲಿಲ್ಲ. ಹುಡುಗಿ ಮೊದಲ ಬೆಂಚಿಗೆ ಮರಳಿದ್ದಳು. ಅವಳ ಉತ್ತರದ ಹಾಳೆಯನ್ನು ಎಲ್ಲಕ್ಕಿಂತ ಕೊನೆಗೆ ತೆಗೆದೆ. ನಾಲ್ಕನೇ ಪ್ರಶ್ನೆಗೆ ಅವಳು ಬರೆದದ್ದು ಒಂದೇ ಸಾಲು: "ಇವರನ್ನು ಪತ್ತೆ ಹಚ್ಚಲು ಯಾವ ದಾಖಲೆಯೂ ಇಲ್ಲ, ಏಕೆಂದರೆ ಬರೆಯುವವರು ಕೇಳಲಿಲ್ಲ." ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಅದೇ ಗುಂಡನೆಯ ಅಕ್ಷರದಲ್ಲಿ ಇನ್ನೊಂದು ಮಾತಿತ್ತು.

"ಹಳೆಯ ಏಳನೇ ಹಾಳೆಯಲ್ಲಿ ಒಂದು ತಪ್ಪಿದೆ. ಐದು ಅಲ್ಲ, ಏಳು. ಆಧಾರ: ನಮ್ಮಪ್ಪ."